ಕೊಂಡಿ ಹಾಕುವಾಕೆ

ನನಗೆ ತಿದ್ದುವ ರೋಗವಿದೆ. ಲಗ್ನಪತ್ರಿಕೆ ಕೈಗೆ ಬಂದರೆ ಮೊದಲು ಕಾಗುಣಿತ ನೋಡುತ್ತೇನೆ, ಮುಹೂರ್ತ ಆಮೇಲೆ. ಅಂಗಡಿಯ ಹಲಗೆ, ಬಸ್ಸಿನ ಬೋರ್ಡು, ತೀರಿಹೋದವರ ಫೋಟೋದ ಕೆಳಗಿನ ಸಾಲು, ಯಾವುದನ್ನೂ ಬಿಟ್ಟವಳಲ್ಲ. ಆಯುಷ್ಯವೆಲ್ಲ ಸಾಲೆಯಲ್ಲಿ ಕಳೆದವಳಿಗೆ ಅಂಟಿಕೊಂಡ ಚಟ ಎಂದು ಮನೆಯವರು ನಗುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ. ಆದರೆ ಈ ರೋಗದ ಪೆಟ್ಟು ತಿಂದವಳು ಒಬ್ಬಳಿದ್ದಳು. ಆಕೆಯ ಸುದ್ದಿಯನ್ನು ನಾನು ಇಷ್ಟು ವರ್ಷ ಯಾರ ಮುಂದೆಯೂ ಎತ್ತಿಲ್ಲ.

ಇಳಕಲ್ಲಿನ ಹೆಣ್ಣುಮಕ್ಕಳ ಸಾಲೆಗೆ ನಾನು ಬಂದಾಗ ನನಗೆ ಇಪ್ಪತ್ತೆರಡು. ಬಾಗಲಕೋಟೆಯ ನಮ್ಮ ಮನೆತನದಲ್ಲಿ ಪುರಾಣ ಹೇಳುವವರು, ಪಂಚಾಂಗ ನೋಡುವವರು ಇದ್ದರೇ ಹೊರತು ಹೊರಗೆ ದುಡಿಯಲು ಹೋದ ಹೆಣ್ಣು ನಾನೇ ಮೊದಲು. ಆಗಿನ್ನೂ ಇಳಕಲ್ಲು ಮುಂಬಯಿ ರಾಜ್ಯದಲ್ಲಿತ್ತು. ಊರು ದಾಟಿ ಸ್ವಲ್ಪ ದೂರ ಹೋದರೆ ಗಡಿ, ಅದರಾಚೆ ಹೈದರಾಬಾದಿನ ಸೀಮೆ. ಎರಡೂ ಕಡೆ ಅದೇ ಎರೆಮಣ್ಣು, ಅದೇ ಜೋಳ, ಅದೇ ಮಾತು. ನಡುವೆ ಒಂದು ನಾಕಾ ಮಾತ್ರ.

ಆಕೆ ನನಗೆ ಪರಿಚಯವಾದದ್ದು ಮಗ್ಗಿಯಿಂದ. ಐದನೆಯ ತರಗತಿಯಲ್ಲಿ ಏಳರ ಮಗ್ಗಿ ಎಂದರೆ ಹುಡುಗಿಯರೆಲ್ಲ ನೆಲ ನೋಡುತ್ತಿದ್ದರು. ಒಬ್ಬಳು ಮಾತ್ರ ಎದ್ದು ನಿಂತು, ಕಣ್ಣುಮುಚ್ಚಿ, ಒಂದು ಧಾಟಿಯಲ್ಲಿ ಹಾಡಿ ಮುಗಿಸಿಬಿಟ್ಟಳು. ಎಲ್ಲಿ ಕಲಿತೆ ಎಂದರೆ ‘ನಮ್ಮವ್ವ ಹಾಡು ಕಟ್ಟ್ಯಾಳ್ರಿ’ ಎಂದಳು. ಅವ್ವನಿಗೆ ಮಗ್ಗಿ ಬರುತ್ತದೆಯೇ ಎಂದೆ. ಇಲ್ಲವಂತೆ. ಮಗಳು ಒದರುವುದನ್ನು ಕೇಳಿ ಕೇಳಿ, ಎಲ್ಲಿ ಎಡವುತ್ತಾಳೋ ಅಲ್ಲಿ ಹಿಡಿದುಕೊಳ್ಳಲು ಒಂದೊಂದು ಶಬ್ದ ಸಿಕ್ಕಿಸಿ ಕೊಟ್ಟಿದ್ದಳಂತೆ. ಆ ಸಂಜೆಯೇ ನಾನು ಅವರ ಮನೆ ಹುಡುಕಿಕೊಂಡು ಹೋದೆ.

ಓಣಿಯೆಲ್ಲ ಆಕೆಯನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ನಲವತ್ತೈದರ ಆಸುಪಾಸಿನ, ಒಣಗಿದ ಮೈಯ, ಹಣೆ ದೊಡ್ಡದಾದ ಹೆಂಗಸು. ಗಂಡ ತೀರಿಕೊಂಡು ಐದಾರು ವರ್ಷವಾಗಿತ್ತು. ಮನೆಯ ಕುಣಿಮಗ್ಗದಲ್ಲಿ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಮೈದುನ ನೇಯುತ್ತಿದ್ದ, ಈಕೆ ಪಡಸಾಲೆಯಲ್ಲಿ ಕೂತು ಕೊಂಡಿ ಹಾಕುತ್ತಿದ್ದಳು.

ಗೊತ್ತಿಲ್ಲದವರಿಗೆ ಒಂದು ಮಾತು. ಇಳಕಲ್ ಸೀರೆಯ ಮೈಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಇನ್ನೊಂದು. ಮೈ ನೂಲಿನದು, ಸೆರಗು ಕೆಂಪು ರೇಷ್ಮೆಯದು. ಆ ಎಳೆಯನ್ನು ಈ ಎಳೆಯೊಳಗೆ ಸಿಕ್ಕಿಸಿ, ಹೊಸೆದು, ಒಂದೊಂದಾಗಿ ಕೂಡಿಸುವುದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಒಂದು ಸೀರೆಗೆ ಸಾವಿರಾರು ಕೊಂಡಿ. ಕಣ್ಣಿಗೆ ಕಾಣಬಾರದು, ಜಗ್ಗಿದರೆ ಬಿಚ್ಚಬಾರದು. ಮಗ್ಗದಲ್ಲಿ ಕೂಡುವವರು ಹೆಚ್ಚಾಗಿ ಗಂಡಸರು, ಕೊಂಡಿ ಹೆಂಗಸರ ಪಾಲಿನದು. ಸೀರೆ ಉಟ್ಟವರು ಅಂಚು ಹೊಗಳುತ್ತಾರೆ, ಸೆರಗು ಹೊಗಳುತ್ತಾರೆ. ಕೊಂಡಿ ಹಾಕಿದವಳ ಹೆಸರು ಯಾರೂ ಕೇಳುವುದಿಲ್ಲ.

ಬೆರಳಿಗೆ ಬೂದಿ ಹಚ್ಚಿಕೊಂಡು, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಹಿಡಿದು, ಆಕೆ ಕೊಂಡಿ ಹಾಕುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಮೊದಲ ದಿನ ಆಕೆ ನನ್ನ ಮುಂದೆ ಒಂದು ಹಿಡಿ ಹಸಿ ಶೇಂಗಾ ಮತ್ತು ಬೆಲ್ಲದ ಚೂರು ಇಟ್ಟಳು. ಹುರಿದದ್ದಲ್ಲ, ಬೇಯಿಸಿದ್ದಲ್ಲ, ನೀರು ಸೋಂಕಿದ್ದಲ್ಲ. ನಮ್ಮಂಥ ಮನೆತನದವಳು ಏನು ತಿಂದಾಳು, ಏನು ಬಿಟ್ಟಾಳು ಎಂದು ಆಕೆಯೇ ಯೋಚಿಸಿ, ನಾನು ‘ಬೇಡ’ ಎನ್ನುವ ಪ್ರಸಂಗವನ್ನೇ ತಪ್ಪಿಸಿದ್ದಳು. ಎರಡು ವರ್ಷ ನಾನು ಆ ಮನೆಯಲ್ಲಿ ಹಸಿ ಶೇಂಗಾ ತಿಂದೆ. ಒಂದು ದಿನವಾದರೂ ‘ಚಿಗವ್ವ, ಒಂದು ರೊಟ್ಟಿ ಕೊಡು’ ಎಂದು ಕೇಳಲಿಲ್ಲ. ಈಗ ನನ್ನ ತಪ್ಪುಗಳನ್ನು ಎಣಿಸುವಾಗ ಇದನ್ನೂ ಸೇರಿಸಬೇಕಾಗುತ್ತದೆ.

ಇಬ್ಬರೂ ಕೂಡಿ ಕಟ್ಟಿದ ಮೊದಲ ಹಾಡು ಸಾಲೆಗಾಗಿ. ಸ್ವಚ್ಛತೆಯ ಮೇಲೆ ಹಾಡು ಕಲಿಸಿರಿ ಎಂದು ಮೇಲಿನಿಂದ ಕಾಗದ ಬಂದಿತ್ತು. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದವಳು ನಾನು, ಬಿಟ್ಟೇನೆಯೇ? ‘ಸ್ವಚ್ಛತೆಯೇ ಸೌಖ್ಯದ ಸೋಪಾನ’ ಎಂದು ಶುರುಮಾಡಿ ಎಂಟು ಸಾಲು ಬರೆದುಕೊಂಡು ಹೋಗಿ ಆಕೆಯ ಮುಂದೆ ಓದಿದೆ. ಆಕೆ ಗಂಭೀರವಾಗಿ ಕೇಳಿದಳು. ಆಮೇಲೆ,

“ಸೋಪಾನ ಅಂದ್ರ ಸಾಬಣ ಏನ್ರಿ?” ಎಂದಳು.

ಮೈ ತೊಳೆಯುವ ಸಾಬಣವಲ್ಲ, ಮೆಟ್ಟಿಲು ಎಂದೆ. ಹಾಗಾದರೆ ಮೆಟ್ಟಿಲು ಅನ್ನಬಾರದೇಕೆ ಎಂದು ಕೇಳಿದಳು. ಒಂದು ವಾರದಲ್ಲಿ ಆ ಎಂಟು ಸಾಲೂ ಬಿದ್ದುಹೋಗಿ ಅವುಗಳ ಜಾಗದಲ್ಲಿ ಇದು ಬಂತು:

ಮಾರಿ ತೊಳದೇನ ಮಗಳ, ಮಾರಿ ತೊಳದೇನ
ಕನ್ನಡಿ ಕೇಳತೈತಿ, ಯಾರ ಮಗಳ ನೀನ

ಕನ್ನಡಿ ನನ್ನದು, ಕೇಳುವುದು ಆಕೆಯದು. ಹುಡುಗಿಯರು ಓಣಿ ಓಣಿಯಲ್ಲಿ ಹಾಡಿಕೊಂಡು ತಿರುಗಿದರು. ‘ಸೋಪಾನ’ ಮಾತ್ರ ನಮ್ಮಿಬ್ಬರ ನಡುವಿನ ಚೇಷ್ಟೆಯ ಮಾತಾಗಿ ಉಳಿಯಿತು. ನಾನು ಬಿಗಿಯಾದ ಶಬ್ದ ತಂದಾಗಲೆಲ್ಲ ಆಕೆ ‘ನೊರಿ ಬರತೈತೇನ್ರಿ ಇದಕ್ಕ?’ ಎನ್ನುತ್ತಿದ್ದಳು.

ಆಕೆಯದೇ ಆದ ಕೆಲವು ಕಟ್ಟಳೆಗಳಿದ್ದವು. ಕೈ ನಿಲ್ಲಿಸಿ ಹಾಡಬೇಕಾದ ಸಾಲು ಸಾಲೇ ಅಲ್ಲ; ಕೊಂಡಿ ಹಾಕುತ್ತಾ, ಬೀಸುತ್ತಾ, ಉಸಿರು ಹಿಡಿಯದೆ ಹಾಡಲು ಬರಬೇಕು. ಕಟ್ಟಿದ ದಿನ ಬರೆಯಲು ಬಿಡುತ್ತಿರಲಿಲ್ಲ. ನಾಳೆ ಇಬ್ಬರಿಗೂ ನೆನಪಿದ್ದರೆ ಬರೆಯಿರಿ, ಒಬ್ಬರಿಗೆ ಮರೆತರೂ ಅದು ಹೋದಂತೆ ಎನ್ನುತ್ತಿದ್ದಳು. ಇನ್ನೊಂದು ವಿಚಿತ್ರ ಕಟ್ಟಳೆ ಎಂದರೆ, ಒಂದು ಸಾಲು ಇಬ್ಬರಿಗೂ ಒಮ್ಮೆಗೇ ಹಿಡಿಸಿಬಿಟ್ಟರೆ ಅದನ್ನು ಕೈಬಿಡುವುದು. ‘ಎಲ್ಲೋ ಕೇಳಿದ್ದ ಇರಬೇಕ್ರಿ ಅದು, ಹೊಸಾದು ಮೊದಲ ಒಬ್ಬಾಕಿಗೆ ಚುಚ್ಚತೈತಿ’ ಎಂಬುದು ಆಕೆಯ ಸಿದ್ಧಾಂತ. ಹಾಗಾಗಿ ನಾವು ಜಗಳವಾಡಿದ ಸಾಲುಗಳೇ ಉಳಿದವು.

ಒಬ್ಬಳೇ ಯಾಕೆ ಕಟ್ಟುವುದಿಲ್ಲ, ನಿನಗೆ ನನ್ನ ಅಗತ್ಯವೇನಿದೆ ಎಂದು ಒಮ್ಮೆ ಕೇಳಿದ್ದೆ. ಆಕೆ ತಲೆಯೆತ್ತದೆ, “ಹಾಡು ಇಬ್ಬರು ಕೂಡಿ ಮಾಡೂದ್ರಿ. ಒಬ್ಬಾಕಿ ಮಾಡಿದ್ರ ಅದು ಅಳೂದು,” ಎಂದಳು.

ಮತ್ತೊಂದು ಸಂಗತಿ ನಾನು ತಡವಾಗಿ ಗಮನಿಸಿದೆ. ನಾನು ಒಳಗೆ ಬಂದರೆ ‘ಬರ್ರಿ ಅಕ್ಕೋರ, ಕುಂಡ್ರರಿ’ ಎನ್ನುತ್ತಿದ್ದವಳು, ಹಾಡು ಕೈಗೆ ಹತ್ತಿದ ಮೇಲೆ ‘ನೀ’ ಎನ್ನುತ್ತಿದ್ದಳು. ‘ಮುಂದಿಂದು ನೀ ಹೇಳು.’ ‘ನೀ ತಪ್ಪಿದಿ, ಹೊಳ್ಳಿ ಬಾ.’ ಹಾಡು ನಿಂತಿತೋ, ಮತ್ತೆ ‘ನೀವು’, ಮತ್ತೆ ‘ರಿ’. ಆಕೆಗೆ ಇದು ಗೊತ್ತಿತ್ತೋ ಇಲ್ಲವೋ ತಿಳಿಯದು. ನಾನು ಹೇಳಲಿಲ್ಲ, ಹೇಳಿದರೆ ಬಿಟ್ಟುಬಿಟ್ಟಾಳು ಎಂಬ ಹೆದರಿಕೆ. ಆ ‘ನೀ’ಗಾಗಿಯೇ ನಾನು ಎಷ್ಟೋ ಸಲ ಕೆಲಸವಿಲ್ಲದಿದ್ದರೂ ಹೋಗಿ ಕೂತಿದ್ದೇನೆ.

ಇನ್ನು ನನ್ನ ರೋಗದ ಮೂಲ ಹೇಳಬೇಕು. ಟ್ರೇನಿಂಗಿನಲ್ಲಿದ್ದಾಗ ಕೋಣೆಯಲ್ಲಿ ನನ್ನ ಜೊತೆ ಮೈಸೂರು ಕಡೆಯ ಹುಡುಗಿಯೊಬ್ಬಳಿದ್ದಳು. ನಾನು ಮನಿ, ಸಾಲಿ, ಸೀರಿ ಎಂದಾಗಲೆಲ್ಲ ಆಕೆ ನಕ್ಕು, ಪ್ರೀತಿಯಿಂದಲೇ, ಮನೆ, ಶಾಲೆ, ಸೀರೆ ಎಂದು ತಿದ್ದುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ವರ್ಷ ಮುಗಿಯುವಷ್ಟರಲ್ಲಿ ನನ್ನ ಕೈ ಪಳಗಿತು: ಕೊನೆಗೆ ‘ಇ’ ಕಂಡರೆ ಸಾಕು, ‘ಎ’ ಮಾಡಿಬಿಡುವುದು. ಒಮ್ಮೆ ಕರಿಹಲಗೆಯ ಮೇಲೆ ‘ಗಿಳೆ’ ಎಂದು ಬರೆದು, ಹುಡುಗಿಯರೆಲ್ಲ ಅದನ್ನು ಪಾಟಿಗಿಳಿಸಿಕೊಂಡ ಮೇಲೆ ಎಚ್ಚೆತ್ತಿದ್ದೆ. ಆಗ ನಕ್ಕು ಒರೆಸಿದೆ. ಅದು ನಗುವ ಸಂಗತಿ ಎಂದೇ ತಿಳಿದಿದ್ದೆ.

ನಾಡು ಒಂದಾಗುವ ವರ್ಷ ಬಂತು. ಮುಂಬಯಿ ಸೀಮೆಯ ನಾವು, ಹೈದರಾಬಾದ್ ಸೀಮೆಯ ಅವರು, ಮೈಸೂರಿನವರು, ಎಲ್ಲರೂ ಕೂಡಿ ಒಂದೇ ರಾಜ್ಯ. ಹುನಗುಂದದಲ್ಲಿ ದೊಡ್ಡ ಸಮಾರಂಭ, ತಾಲೂಕಿನ ಸಾಲೆಗಳು ಒಂದೊಂದು ಹೊಸ ಹಾಡು ತರಬೇಕು, ಆ ಹಾಡುಗಳ ಪುಸ್ತಿಕೆಯನ್ನು ಬಾಗಲಕೋಟೆಯಲ್ಲಿ ಅಚ್ಚು ಮಾಡಿಸಿ ಎಲ್ಲ ಸಾಲೆಗಳಿಗೂ ಹಂಚುತ್ತಾರೆ ಎಂದು ಗೊತ್ತಾಯಿತು. ನಾನು ಚಿಗವ್ವನ ಮನೆಗೆ ಓಡಿದೆ.

ನಾಲ್ಕು ದಿನ ನಾನು ತಾಯಿ, ತೇರು, ತೋರಣ ಎಂದು ಏನೇನೋ ಹೇಳಿದೆ. ಆಕೆ ನೊರೆಯ ಚೇಷ್ಟೆಯನ್ನೂ ಮಾಡದೆ ಕೊಂಡಿ ಹಾಕುತ್ತಲೇ ಇದ್ದಳು. ಐದನೆಯ ದಿನ ಮಧ್ಯಾಹ್ನ ಎಳೆಯ ಮೇಲಿನ ಕಣ್ಣು ತೆಗೆಯದೆ, ‘ಮೈಯ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ’ ಎಂದಳು. ಇನ್ನೊಂದು ಕೊಂಡಿ ಹೊಸೆದು, ‘ಮುಂದಿಂದು ನೀ ಹೇಳು’ ಎಂದಳು.

ಕೂಡಿದರೆ ಸೀರೆಯಾಯಿತು ಎಂದೆ. ಆಕೆ ತಲೆಯಲ್ಲಾಡಿಸಿದಳು. ತಾನಾಗಿ ಯಾವ ಎಳೆಯೂ ಕೂಡುವುದಿಲ್ಲ, ಯಾರಾದರೂ ಕೂತು ಕೂಡಿಸಬೇಕು ಎಂದಳು. ಹಾಗೆ ‘ಕೊಂಡಿ’ ಬಂತು. ಮುಂದಿನ ಸಾಲಿಗೆ ಎರಡು ದಿನ ಹಿಡಿಯಿತು. ನಾನು ‘ಗಡಿ’ ಎಂಬ ಶಬ್ದ ಕೊಟ್ಟೆ. ನನ್ನ ಮನಸ್ಸಿನಲ್ಲಿದ್ದದ್ದು ನಕಾಶೆಯ ಮೇಲಿನ ಗೆರೆ. ಆಕೆ ಅದನ್ನು ಬಾಯಲ್ಲಿ ಹಾಕಿಕೊಂಡು ತಿರುಗಿಸಿ ತಿರುಗಿಸಿ, ಅದರ ಹಿಂದೆ ‘ತವರೀಗೆ’ ಎಂದು ಸೇರಿಸಿದಳು.

ಮೈಯ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ
ಕೊಂಡಿ ಕೂಡ್ಯಾವು ನೋಡವ್ವ, ತವರೀಗೆ
ಗಡಿ ಎಲ್ಲೈತಿ ಹೇಳವ್ವ

ಪೂರ್ತಿ ಹಾಡಿದ ಮೇಲೆ ಆಕೆಯ ಕೈ ನಿಂತಿತು. ಕೈ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತವರು ಎಲ್ಲಿ ಎಂದು ಕೇಳಿದೆ. ಕುಷ್ಟಗಿ ಕಡೆ, ಗಡಿಯಾಚೆಯ ಹಳ್ಳಿ. ನಿಜಾಮನ ಕಡೆ ಗದ್ದಲವೆದ್ದ ವರ್ಷ ಆಕೆಯ ತಮ್ಮ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿ ಅಕ್ಕನ ಮನೆಗೆ ಬಂದಿದ್ದನಂತೆ. ಆಗ ಅತ್ತೆ ಮಾವ ಇದ್ದರು. ಇಷ್ಟು ಜನಕ್ಕೆ ಕೂಳೆಲ್ಲಿಂದ ಎಂದು ಬಾಗಿಲು ತೆಗೆಯಲಿಲ್ಲ. ಈಕೆ ಒಳಗೇ ನಿಂತಿದ್ದಳು, ಮಾತಾಡಲಿಲ್ಲ. ತಮ್ಮ ಹೊರಗಿನಿಂದ ‘ಅಕ್ಕಾ’ ಎಂದು ಎರಡು ಸಲ ಕೂಗಿ ಹೋದ. ಅಂದಿನಿಂದ ಅವನು ಈ ಊರಿನ ಮೇಲೆ ಹಾಯ್ದು ಹೋದರೂ ಈ ಓಣಿಗೆ ಬಂದಿಲ್ಲ.

“ಈ ಹಾಡು ಅಂವ ಕೇಳಬೇಕ್ರಿ,” ಎಂದಳು. “ಮಾರಿ ನೋಡಿ ಹೇಳಾಕ ನನಗ ಆಗಂಗಿಲ್ಲ. ಹಾಡಿನ್ಯಾಗಾದ್ರ ಹೇಳಬಹುದು.”

ಆಕೆ ಸಂತೆಗೆ ಬಂದವರ ಕೈಯಲ್ಲಿ ಹೇಳಿಕಳಿಸಿದಳು: ಹುನಗುಂದದಲ್ಲಿ ಇಂಥ ದಿನ ನನ್ನ ಹಾಡು ಹಾಡುತ್ತಾರೆ, ನನ್ನ ಮಗಳೂ ಹಾಡುತ್ತಾಳೆ, ಬಾ. ಬರುತ್ತೇನೆ ಎಂದು ಉತ್ತರ ಬಂದ ದಿನ ಆಕೆ ನನಗೆ ಬೆಲ್ಲದ ದೊಡ್ಡ ತುಂಡನ್ನೇ ಕೊಟ್ಟಳು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಬರೆಯಬೇಕು.

ಅಚ್ಚಿಗೆ ಕಳಿಸಲು ಶುದ್ಧಪ್ರತಿ ಮಾಡುತ್ತಾ ಕೂತೆ. ಮುಖ್ಯ ಅತಿಥಿಗಳಾಗಿ ದಕ್ಷಿಣದ ಕಡೆಯ ಹಿರಿಯ ಪಂಡಿತರೊಬ್ಬರು ಬರುತ್ತಾರೆ ಎಂದು ಕೇಳಿದ್ದೆ. ಅವರ ಕಣ್ಣಿಗೆ ಬೀಳುವ ಪುಸ್ತಿಕೆಯಲ್ಲಿ ‘ಎಳಿ’ಯೇ, ‘ಬ್ಯಾರೆ’ಯೇ, ‘ಐತಿ’ಯೇ? ಕೋಣೆಯ ಹುಡುಗಿಯ ನಗು ಕಿವಿಯಲ್ಲಿ ಕೇಳಿಸಿತು. ಎಳಿ ಎಳೆಯಾಯಿತು, ಬ್ಯಾರೆ ಬೇರೆಯಾಯಿತು, ನೋಡವ್ವ ನೋಡಮ್ಮನಾದಳು. ಅದೇ ಓಟದಲ್ಲಿ ಕೊಂಡಿ ‘ಕೊಂಡೆ’ಯಾಯಿತು. ಬಾಗಿಲಿಗೆ ಹಾಕುವ ಕೊಂಡಿ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ನೇಕಾರರ ಬಾಯಲ್ಲಿ ಬಂದದ್ದು ಎಂದಾಕ್ಷಣ ಅದು ತಪ್ಪೇ ಇರಬೇಕು ಎಂದು ಕೈ ತೀರ್ಮಾನಿಸಿತು. ಎರಡು ಓಣಿ ದಾಟಿದರೆ ಕೇಳಬಹುದಿತ್ತು. ಕೇಳಲಿಲ್ಲ.

ತಾಲೀಮಿನಲ್ಲಿ ಇನ್ನೊಂದು ಅವಕಾಶವಿತ್ತು. ಆರು ಹುಡುಗಿಯರಿಗೆ ಹಾಡು ಕಲಿಸುವಾಗ ಚಿಗವ್ವನ ಮಗಳು ಎದ್ದು ನಿಂತು, ‘ನಮ್ಮವ್ವ ಕೊಂಡಿ ಅಂತಾಳ್ರಿ’ ಎಂದಳು.

“ಅದು ಆಡೂ ಮಾತು,” ಎಂದೆ ನಾನು. “ಬರಿಯೂ ಮಾತಿನ್ಯಾಗ ಕೊಂಡೆ. ಅವ್ವ ಸಾಲಿ ಕಲಿತಿಲ್ಲ. ನೀ ಕಲೀಲಿಕ್ಕೆ ಹತ್ತೀದಿ. ನೀನರೆ ಸರಿಯಾಗಿ ಅನ್ನು.”

ಹುಡುಗಿ ಕೂತಳು. ಮುಂದೆ ಆಕೆ ಒಮ್ಮೆಯೂ ತಪ್ಪಲಿಲ್ಲ.

ಹುನಗುಂದದ ಸಾಲೆಯ ಬಯಲು ಅಂದು ತುಂಬಿತ್ತು. ಹೆಂಗಸರ ಕಡೆ ಮೂರನೆಯ ಸಾಲಿನಲ್ಲಿ ಚಿಗವ್ವ ಕೂತಿದ್ದಳು, ತೊಳೆದು ಮಡಿಚಿ ಇಟ್ಟಿದ್ದ ಹಳೆಯ ಸೀರೆ ಉಟ್ಟು. ಗಂಡಸರ ಕಡೆಗೆ ಕಣ್ಣು ಮಾಡಿ ನನಗೆ ತೋರಿಸಿದಳು. ಕಂಬದ ಹತ್ತಿರ ರುಮಾಲು ಸುತ್ತಿದ, ಆಕೆಯದೇ ದೊಡ್ಡ ಹಣೆಯ ಮನುಷ್ಯ ನಿಂತಿದ್ದ. ಹುಡುಗಿಯರು ಚೆನ್ನಾಗಿ ಹಾಡಿದರು. ‘ಕೊಂಡೆ ಕೂಡಿಹವು ನೋಡಮ್ಮ’ ಎಂಬಲ್ಲಿ ಚಿಗವ್ವ ಒಮ್ಮೆ ನನ್ನ ಕಡೆ ತಿರುಗಿದಳು, ಅಷ್ಟೇ. ಚಪ್ಪಾಳೆಯಾಯಿತು. ಹುಡುಗಿಯರನ್ನು ಹಿಂದಿನ ಕೋಣೆಗೆ ಚುರುಮುರಿ ಕೊಡಲು ಕರೆದುಕೊಂಡು ಹೋದರು; ಮುಂದಿನ ಮಾತು ಅವರ ಕಿವಿಗೆ ಬೀಳಲಿಲ್ಲ.

ಪಂಡಿತರು ಒಳ್ಳೆಯವರು. ಯಾರನ್ನೂ ನೋಯಿಸಬೇಕೆಂದು ಮಾತಾಡಿದವರಲ್ಲ. ಎಲ್ಲ ಹಾಡುಗಳನ್ನೂ ಹೊಗಳುತ್ತಾ ಬಂದು, ಪುಸ್ತಿಕೆ ತೆರೆದು, ನಮ್ಮ ಹಾಡಿಗೆ ನಿಂತರು.

“ಕಲ್ಪನೆ ಬಹಳ ಚೆನ್ನಾಗಿದೆ. ಆದರೆ ಒಂದು ಶಬ್ದ ನನಗೆ ತೊಡಕಾಯಿತು. ಕೊಂಡೆ ಎಂದರೆ ಚಾಡಿ, ಬೆನ್ನ ಹಿಂದೆ ಆಡುವ ಇಲ್ಲದ ಮಾತು. ನಾಡು ಒಂದಾಗುವ ದಿನ ಎಲ್ಲರೂ ಚಾಡಿ ಹೇಳಲು ಕೂಡಿದರೇ? ಇದನ್ನು ಬರೆದವರು ಯಾರು?”

ಮುಂದಿನ ಸಾಲಿನವರು ನಕ್ಕರು. ಅವರು ನಕ್ಕರೆಂದು ಹಿಂದಿನವರೂ ನಕ್ಕರು. ಸಾಲೆಗಳ ಮೇಲಧಿಕಾರಿಗಳು ನನ್ನನ್ನು ಹುಡುಕಿ ನೋಡಿದರು. ನಾನು ಎದ್ದು ನಿಂತೆ. ನನ್ನ ತಪ್ಪು ಎನ್ನಲು ಮೂರು ಶಬ್ದ ಬೇಕಾಗಿರಲಿಲ್ಲ. ಆದರೆ ನನ್ನ ಬಾಯಿಂದ ಬಂದದ್ದು, ತೂಕ ಹಾಕಿ ಆಡಿದ ಪುಸ್ತಕದ ಕನ್ನಡದಲ್ಲಿ, ಇದು:

“ಇದು ನಮ್ಮ ಊರಿನ ಓದು ಬಾರದ ನೇಕಾರ ಹೆಂಗಸೊಬ್ಬಳ ಹಾಡು. ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡಿದ್ದೇನೆ.”

ಪಂಡಿತರು ಮೃದುವಾದರು. ಓದು ಬಾರದವರ ಬಾಯಲ್ಲಿ ಶಬ್ದ ಕೆಡುವುದು ಸಹಜ, ಅದಕ್ಕೆ ನಗಬಾರದು ಎಂದು ಸಭೆಗೆ ಬುದ್ಧಿ ಹೇಳಿದರು. ಸಭೆ ಮತ್ತಷ್ಟು ನಕ್ಕಿತು. ಇಳಕಲ್ಲಿನಿಂದ ಬಂದವರಿಗೆಲ್ಲ ಆ ಹೆಂಗಸು ಯಾರೆಂದು ಗೊತ್ತಿತ್ತು. ಅವರು ತಿರುಗಿ ಮೂರನೆಯ ಸಾಲಿನ ಕಡೆ ನೋಡಿದರು. ಪಂಡಿತರು ಅರ್ಥ ಹೇಳಿದ ಶಬ್ದವನ್ನು ನಾನು ಅಲ್ಲೇ ನಿಂತು ಮಾಡಿ ತೋರಿಸಿದ್ದೆ. ಒಂದೇ ವ್ಯತ್ಯಾಸ, ಬೆನ್ನ ಹಿಂದೆ ಅಲ್ಲ, ಆಕೆಯ ಎದುರಿಗೇ.

ಚಿಗವ್ವ ಎದ್ದು ನಿಂತು ‘ನಾ ಹಂಗ ಹೇಳಿಲ್ಲ’ ಎನ್ನಬಹುದಿತ್ತು. ಅನ್ನಲಿಲ್ಲ. ಸೆರಗು ಎಳೆದುಕೊಂಡು ಕೈಗಳನ್ನು ಮಡಿಲಲ್ಲಿಟ್ಟು ಕೂತಳು. ಒಳಗೆ ನಿಂತು ಮಾತಾಡದೆ ಉಳಿದದ್ದಕ್ಕೆ ಆಕೆ ಎಂಟು ವರ್ಷ ಬೆಂದಿದ್ದಳು. ಈಗ ನನ್ನನ್ನು ಉಳಿಸಲು ಮತ್ತೊಮ್ಮೆ ಮಾತಾಡದೆ ಉಳಿದಳು. ನಾನು ಕಂಬದ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

ಬಸ್ ನಿಲ್ದಾಣದಲ್ಲಿ ಆಕೆ ಮಗಳ ಕೈ ಹಿಡಿದು ನಿಂತಿದ್ದಳು. ನಾನೂ ಅಲ್ಲಿಗೆ ಹೋಗದೆ ವಿಧಿಯಿರಲಿಲ್ಲ, ಇಳಕಲ್ಲಿಗೆ ಇದ್ದದ್ದು ಒಂದೇ ಬಸ್ಸು. ತಮ್ಮ ಎಲ್ಲಿ ಎಂದು ಕೇಳಿದೆ.

“ಅಂವ ಹ್ವಾದ್ರಿ. ‘ನಾಕ ಮಂದ್ಯಾಗ ನಗಸಾಕ ಕರಸಿದೇನ’ ಅಂದ,” ಎಂದಳು. ಆಮೇಲೆ ನಾನೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ, “ಹುಡುಗ್ಯಾರು ಚಲೋ ಹಾಡಿದ್ರು ಅಕ್ಕೋರ. ನೀವು ಭಾಳ ಕಷ್ಟಪಟ್ಟು ಕಲಿಸೀರಿ,” ಎಂದಳು.

ಅದು ವ್ಯಂಗ್ಯವಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ವ್ಯಂಗ್ಯ ಆಕೆಗೆ ಬರುತ್ತಿರಲಿಲ್ಲ.

ಆಮೇಲೂ ಒಂದೆರಡು ಸಲ ಅವರ ಮನೆಗೆ ಹೋದೆ. ಶೇಂಗಾ ಬಂತು, ಬೆಲ್ಲ ಬಂತು. ‘ಬರ್ರಿ, ಕುಂಡ್ರರಿ’ ಇತ್ತು. ನಾನು ಒಂದು ಸಾಲು ಹೇಳಿ ‘ಮುಂದಿಂದು ನೀ ಹೇಳು ಚಿಗವ್ವ’ ಎಂದೆ. ‘ನನಗೇನ ತಿಳೀತೈತ್ರಿ, ನೀವ ಮಾಡ್ರಿ’ ಎಂದಳು. ಹಾಡು ಬರಲಿಲ್ಲ, ‘ನೀ’ಯೂ ಬರಲಿಲ್ಲ. ಪುಸ್ತಿಕೆ ಎಲ್ಲ ಸಾಲೆಗಳಿಗೂ ಹೋಯಿತು. ಒಂದು ತಿದ್ದುಪಡಿಯ ಚೀಟಿ ಅಂಟಿಸಿರಿ ಎಂದು ನಾನು ಬರೆಯಬಹುದಿತ್ತು. ಬರೆದರೆ ಅಂದು ಹೇಳಿದ್ದು ಸುಳ್ಳು ಎಂದು ಒಪ್ಪಿದಂತಾಗುತ್ತಿತ್ತು. ಜಗತ್ತಿನ ತಪ್ಪುಗಳನ್ನೆಲ್ಲ ತಿದ್ದುತ್ತಾ ಬಂದವಳು ಅದೊಂದನ್ನು ಹಾಗೇ ಬಿಟ್ಟೆ. ಮುಂದಿನ ವರ್ಷ ನಾನೇ ಕೇಳಿಕೊಂಡು ಬಾದಾಮಿಗೆ ವರ್ಗ ಮಾಡಿಸಿಕೊಂಡೆ.

ಒಂದು ಶುಕ್ರವಾರ ಹತ್ತಿರದ ಬನಶಂಕರಿಯ ಗುಡಿಗೆ ಹೋಗಿ ಚೊಳಚಗುಡ್ಡದ ಕಡೆಗೆ ನಡೆದು ಬರುತ್ತಿದ್ದಾಗ ಹೊಂಡದ ಮೆಟ್ಟಿಲ ಮೇಲೆ ಚಿಗವ್ವನನ್ನು ಕಂಡೆ. ನೀರಲ್ಲಿ ಕಾಲಿಟ್ಟು ಕೂತಿದ್ದಳು. ಇಪ್ಪತ್ತು ಹೆಜ್ಜೆ ದೂರ. ಹೋಗಿ ಪಕ್ಕದಲ್ಲಿ ಕೂತಿದ್ದರೆ ಅಂದೇ ಎಲ್ಲ ಮುಗಿಯುತ್ತಿತ್ತು. ನಾನು ಕಲ್ಲುಕಂಬದ ಮರೆಗೆ ಸರಿದು, ಆಕೆ ಎದ್ದು ಹೋಗುವ ತನಕ ನಿಂತಿದ್ದೆ.

ಸುದ್ದಿ ಬಂದದ್ದು ನಾನು ಬಾದಾಮಿಗೆ ಬಂದು ಎರಡು ವರ್ಷದ ಮೇಲೆ. ಕಮತಗಿಯ ಸಂಬಂಧಿಕರ ಮನೆಯ ಮದುವೆಯಲ್ಲಿ, ಇಳಕಲ್ಲಿನವರೊಬ್ಬರು ಮಾತಿನ ನಡುವೆ ಚಿಗವ್ವ ಹೋಗಿ ಹದಿನೈದು ದಿನವಾಯಿತು ಎಂದರು. ಜ್ವರ ಬಂದಿತ್ತಂತೆ. ಊಟಕ್ಕೆ ಕೂತವಳು ಎದ್ದು ಕೈ ತೊಳೆದುಕೊಂಡೆ. ಮರುದಿನ ಇಳಕಲ್ಲಿಗೆ ಹೋದೆ.

ಪಡಸಾಲೆಯಲ್ಲಿ ಅದೇ ಜಾಗದಲ್ಲಿ ಮಗಳು ಕೂತು ಕೊಂಡಿ ಹಾಕುತ್ತಿದ್ದಳು. ಸಾಲೆ ಬಿಟ್ಟು ಎರಡು ವರ್ಷವಾಗಿತ್ತು. ನಾಲಿಗೆಯ ತುದಿ ಹಲ್ಲಿನ ನಡುವೆ, ಬೆರಳಿಗೆ ಬೂದಿ. ‘ಬರ್ರಿ ಅಕ್ಕೋರ’ ಎಂದು ಎದ್ದು ಹೋಗಿ ಶೇಂಗಾ ತಂದಿಟ್ಟಳು. ಹಸಿಯದು. ನಾನು ರೊಟ್ಟಿ ಇದೆಯೇ ಎಂದು ಕೇಳಿದೆ. ಆಕೆ ಬೆರಗಾಗಿ ನೋಡಿ, ಒಂದು ಸಜ್ಜೆಯ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟಳು. ಮಾಮ ಬಂದಿದ್ದನೇ ಎಂದು ಕೇಳಿದೆ. ಅಕ್ಕನನ್ನು ಮಣ್ಣುಮಾಡಲು ಬಂದಿದ್ದನಂತೆ. ಬನಶಂಕರಿಯಲ್ಲಿ ಅವ್ವ ನನ್ನನ್ನು ಕಂಡಿದ್ದಳಂತೆ. ‘ಅಕ್ಕೋರು ಯಾವುದೋ ಗಡಿಬಿಡ್ಯಾಗ ಇದ್ರು, ನಾ ಮಾತಾಡಸಲಿಲ್ಲ’ ಎಂದು ಬಂದು ಹೇಳಿದ್ದಳಂತೆ.

ಹುಡುಗಿ ಮತ್ತೆ ಕೆಲಸಕ್ಕೆ ಕೂತು, ತನಗೆ ತಿಳಿಯದಂತೆಯೇ ಗುನುಗತೊಡಗಿದಳು. ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ. ಆ ಮನೆಯಲ್ಲಿ, ಕೊಂಡಿ ಹಾಕುತ್ತಾ, ಆ ತಾಯಿಯ ಮಗಳು ‘ಕೊಂಡೆ ಕೂಡಿಹವು ನೋಡಮ್ಮ’ ಎಂದಳು.

ಅವ್ವನೂ ಹಾಗೇ ಹಾಡುತ್ತಿದ್ದಳೇ ಎಂದು ಕೇಳಿದೆ.

“ಇಲ್ರಿ. ಆಕಿ ಕಡೀತನಕಾ ಕೊಂಡಿ ಅಂತನ ಹಾಡತಿದ್ಲು,” ಎಂದು ಹುಡುಗಿ ನಕ್ಕಳು. “ನಾ ತಿದ್ದತಿದ್ನಿ. ಅವ್ವಾ, ಅಕ್ಕೋರು ಕಲಿಸಿದ್ದು ಹಂಗಲ್ಲ, ಅದು ತಪ್ಪು ಅಂತಿದ್ನಿ. ‘ನೀ ಸಾಲಿ ಕಲತಾಕಿ, ನಿಂದ ಖರೆ ಇರಬೇಕು’ ಅನ್ನಾಕಿ. ಮತ್ತ ಹೊಳ್ಳಿ ಕೊಂಡಿ ಅಂತನ ಹಾಡಾಕಿ.”

ನಾನು ತಟ್ಟೆ ಕೆಳಗಿಟ್ಟೆ. ಮೂರು ವರ್ಷದಿಂದ ಒಳಗೆ ಕೂತಿದ್ದದ್ದು ಕೊನೆಗೂ ಬಾಯಿಗೆ ಬಂತು.

“ಅವ್ವ ಹಾಡಿದ್ದ ಖರೆ. ತಪ್ಪು ಆಕೀದಲ್ಲ, ನಂದು. ಬರೀವಾಗ ನಾ ತಪ್ಪು ಬರದೆ. ಹುನಗುಂದದಾಗ ಮಂದಿ ನಕ್ಕಾಗ ಅದನ್ನ ಆಕಿ ಮ್ಯಾಲೆ ಹಾಕಿದೆ. ಆಕಿ ಹೇಳಿದ್ದು ಕೊಂಡಿ. ಇನ್ನ ಮುಂದ ನೀನೂ ಕೊಂಡಿ ಅಂತನ ಹಾಡು.”

ಹುಡುಗಿ ನನ್ನನ್ನು ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ, ಸೀರೆಯ ತುಂಡಿನಲ್ಲಿ ಸುತ್ತಿದ ಪುಸ್ತಿಕೆಯನ್ನು ತಂದಳು. ಓದಲು ಬಾರದಿದ್ದರೂ ಅವ್ವ ಅದನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಳಂತೆ. ನಮ್ಮ ಹಾಡಿನ ಪುಟ ತೆರೆದು, ನಾನು ಐದನೆಯ ತರಗತಿಯಲ್ಲಿ ಕಲಿಸಿದ್ದ ಹಾಗೆಯೇ ಆ ಶಬ್ದದ ಕೆಳಗೆ ಬೂದಿಯ ಬೆರಳಿಟ್ಟು ನನ್ನ ಮುಂದೆ ಹಿಡಿದಳು.

“ಇಲ್ಲಿ ನೋಡ್ರಿ ಅಕ್ಕೋರ,” ಎಂದಳು, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ. “ನಿಮಗ ಮರತೈತಿ. ಅಚ್ಚ ಆಗೇತಲ್ರಿ.”